ರಬ್ಬರ್ ಪಟ್ಟಿಯ ಮೇಲೆ ಎರಡು ಕಚ್ಚು

ಸುರಬಾಯಾ ಬಂದರಿನ ಬಳಿಯ ನಮ್ಮ ಹದಿನಾಲ್ಕು ಮಹಡಿಯ ಕಟ್ಟಡಕ್ಕೆ ಗಾಜು ಒರೆಸುವ ಸಾಮಾನು ಏನೇ ಬೇಕಾದರೂ, ಹಗ್ಗದಲ್ಲಿ ನೇತಾಡಿ ಆ ಕೆಲಸ ಮಾಡುವ ಪೋನಿಮಾನ್‌ನನ್ನು ಕೇಳಿಯೇ ತರುತ್ತಿದ್ದರು. ಹತ್ತೊಂಬತ್ತು ವರ್ಷ ಹಾಗೇ ನಡೆದುಬಂದಿತ್ತು. ಹರೆಯದಲ್ಲಿ ನಿಲ್ದಾಣದಲ್ಲಿ ಬಸ್ಸು ತೊಳೆಯುತ್ತಿದ್ದವನು, ಓದು ಬರಹ ಅಷ್ಟಕ್ಕಷ್ಟೇ. ಆದರೆ ಬ್ರಷ್ಷಿನ ಕೂದಲನ್ನು ತುಟಿಯ ಮೇಲೆ ಒಮ್ಮೆ ಎಳೆದುಕೊಂಡು, "ಇದು ಆರು ತಿಂಗಳು ಬರುತ್ತೆ, ಇದು ಮೂರೇ ತಿಂಗಳು" ಅಂತ ಆಯಸ್ಸು ಹೇಳಿಬಿಡುತ್ತಿದ್ದ. ನಾನು ಮುಜಿ, ಕೆಳಗೆ ನಿಂತು ಗಾಜು ಒರೆಸುವವರ ಹಗ್ಗ ನೋಡಿಕೊಳ್ಳುವವನು. ಅವನ ಲೆಕ್ಕ ತಪ್ಪಿದ್ದನ್ನು ನಾನು ಕಂಡವನಲ್ಲ.

ಹೋದ ವರ್ಷ ಪಡುವಣ ಗೋಡೆಗೆ ಹೊಸ ಗಾಜು ಕೂರಿಸಿದರು. ಬಿಸಿಲು ತಡೆಯುವುದಕ್ಕೆ ಮೇಲೊಂದು ತೆಳು ಲೇಪವಿದ್ದ ಗಾಜು. ಬಂದರಿನ ಉಪ್ಪುಗಾಳಿ, ಲಾರಿಗಳ ಧೂಳು ಎರಡೂ ಸೇರಿ ಅದರ ಮೇಲೆ ಹೆಪ್ಪುಗಟ್ಟುತ್ತಿತ್ತು. ಪೋನಿಮಾನ್ ಎಂದಿನ ಬಿರುಸು ಬ್ರಷ್ಷಿನಲ್ಲೇ ಉಜ್ಜಿದ. ನಾಲ್ಕನೇ ಮಹಡಿಯ ಆರು ಗಾಜುಗಳ ಮೇಲೆ ಬೆಕ್ಕು ಪರಚಿದ ಹಾಗೆ ಗೀರು ಬಿತ್ತು.

ಮ್ಯಾನೇಜರ್ ಹಪ್ಸಾರಿಯವರನ್ನು ನಾವು ಬು, ಅಂದರೆ ಅಮ್ಮ, ಅನ್ನುತ್ತೇವೆ. ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವರು ವಾರ್ಸಿತಿಯನ್ನು ಕರೆದರು. ಬಾತಾಮ್ ದ್ವೀಪದ ಹೋಟೆಲೊಂದರಲ್ಲಿ ಇದೇ ಕೆಲಸ ಮಾಡಿ, ನಮ್ಮಲ್ಲಿಗೆ ಬಂದು ಎಂಟು ತಿಂಗಳಾದ ಹೆಂಗಸು.

"ಈ ಸಲದ ಸಾಮಾನು ನೀನೇ ಆರಿಸಮ್ಮ. ಪಾಕ್ ಪೋನಿಮಾನ್ ಜೊತೆಗೆ ಬರ್ತಾರೆ. ಹೊತ್ತು ತರೋದಕ್ಕೆ ಜನ ಬೇಕಲ್ಲ."

ಹೊತ್ತು ತರೋದಕ್ಕೆ! ಹಿರಿಯರಿಗೆ ಹೇಳುವ 'ಪಾಕ್' ಬಾಯಲ್ಲಿ, ಹೊರೆ ಅವನ ತಲೆಯ ಮೇಲೆ.

ಎಲ್ಲರೂ ಕೊ, ಅಂದರೆ ಅಣ್ಣ, ಎಂದು ಕರೆಯುವ ಲಿಯೋಂಗ್ ಎಂಬ ಮುದುಕನ ಹಾರ್ಡ್‌ವೇರ್ ಅಂಗಡಿಗೆ, ಗಾಡಿ ಓಡಿಸುವ ನಾನೂ ಸೇರಿ, ಮೂವರೂ ಹೋದೆವು. ಅಲ್ಲಿ ಇದ್ದದ್ದು ಒಂದೇ ಸ್ಟೂಲು, ಪೋನಿಮಾನ್ ಹೋದರೆ ಅದು ಅವನಿಗೇ. ಅವತ್ತು ಅದರ ಮೇಲೆ ವಾರ್ಸಿತಿ ಕೂತಳು. ಒಂದು ಬೋಗುಣಿ ನೀರು ತರಿಸಿ ಒಂದೊಂದೇ ಬ್ರಷ್ಷನ್ನು ಅದ್ದಿದಳು. "ಒಣಗಿದ್ದಾಗ ಎಲ್ಲವೂ ಸಾಧುಗಳೇ. ನೆನೆದ ಮೇಲೆ ಗುಣ ಗೊತ್ತಾಗೋದು," ಅನ್ನುತ್ತ ಮೊಣಕೈ ಒಳಗಡೆಯ ಚರ್ಮಕ್ಕೆ ಉಜ್ಜಿ ನೋಡಿದಳು. ಮೆತ್ತನೆ ಕೂದಲಿನದನ್ನು ಆರಿಸಿದಳು. ಪೋನಿಮಾನ್‌ಗೆ ಪ್ರಿಯವಾದ ಅಗಲದ ವೈಪರ್ ಬೇಡವೆಂದು ಬದಿಗಿಟ್ಟಳು. "ಏಳನೇ ಮಹಡಿ ದಾಟಿದ್ರೆ ಗಾಳಿ ಜೋರು. ಅಗಲ ಇದ್ದಷ್ಟೂ ತುದಿ ಎದ್ದುಬಿಡುತ್ತೆ."

"ಅಬ್ಬಾ, ಏನು ಕಣ್ಣಪ್ಪ ಈ ಹುಡುಗಿದು!" ಅಂದ ಲಿಯೋಂಗ್. "ಇಷ್ಟು ವರ್ಷದಲ್ಲಿ ನೀರು ತರಿಸಿ ನೋಡಿದವಳು ಇವಳೊಬ್ಬಳೇ."

"ಇನ್ನು ಎಣ್ಣೆ ಹಚ್ಚಿ ತಲೆನೂ ಬಾಚಿಬಿಡ್ಲಿ ಬ್ರಷ್ಷಿಗೆ," ಅಂದ ಪೋನಿಮಾನ್.

"ಬಾಚ್ತೀನಿ ಪಾಕ್. ನಿಮ್ಮ ತಲೇಲೂ ಕೂದಲು ಇದ್ದಿದ್ರೆ ಅದನ್ನೂ ಬಾಚ್ತಿದ್ದೆ!"

ಲಿಯೋಂಗ್ ಕೈಯಲ್ಲಿದ್ದ ಕಾಫಿ ಚೆಲ್ಲುವಷ್ಟು ನಕ್ಕ. ನಾನೂ ನಕ್ಕೆ. ಪೋನಿಮಾನ್ ಬೋಳುತಲೆಗೆ ಬೇಸರಪಟ್ಟವನಲ್ಲ. ಆದರೆ ಹಳೆಯ ಗೆಳೆಯ ಅವಳ ಮಾತಿಗೆ ಹಾಗೆ ನಕ್ಕದ್ದು ಅವನ ಹೊಟ್ಟೆಗೆ ಬೆಂಕಿ ಇಟ್ಟಿತು.

ಹೊಸ ಬ್ರಷ್ಷು ಒಂದು ಗೀರೂ ಬೀಳದ ಹಾಗೆ ಕೊಳೆ ಎಬ್ಬಿಸಿತು. ಅವಳು ಸೋತಿದ್ದರೆ ಇವನು ನೆಮ್ಮದಿಯಾಗಿ ಉಣ್ಣುತ್ತಿದ್ದ.

"ಮುಜಿ, ನನ್ನ ಕೈ ಅವಳ ಕೈಗಿಂತ ಕಡಿಮೆಯೇನೋ?"

"ಕೈ ಚೆನ್ನಾಗೇ ಇದೆ. ಬ್ರಷ್ಷು ಅವಳದು ಸರಿ," ಅಂದೆ. ಎರಡು ದಿನ ಅವನು ನನ್ನ ಹತ್ತಿರ ಮಾತಾಡಲಿಲ್ಲ.

ಮುಂದಿನ ಗುರುವಾರ ನಡೆದದ್ದನ್ನು ಆಮೇಲೆ ಅವನೇ ನನಗೆ ಹೇಳಿದ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ಅವಳ ವೈಪರಿನ ರಬ್ಬರ್ ಪಟ್ಟಿಗೆ ಬ್ಲೇಡಿನಿಂದ ಎರಡು ಕಡೆ ಸಣ್ಣಗೆ ಕಚ್ಚು ಹಾಕಿದ. ಅವಳು ಒಂಬತ್ತನೇ ಮಹಡಿಯಲ್ಲಿ ಎಷ್ಟು ಎಳೆದರೂ ಗಾಜಿನ ಮೇಲೆ ಎರಡು ನೀರಿನ ಗೆರೆ ಉಳಿಯುತ್ತಿದ್ದವು. ಒಳಗಿನ ಗುಮಾಸ್ತರು ಕೆಲಸ ಬಿಟ್ಟು ನೋಡತೊಡಗಿದರು. ಕೆಳಗಿಳಿದವಳೇ ಪಟ್ಟಿ ಕಿತ್ತಳು.

"ಹೊಸ ಮಾಲು ಅಂತ ಹಾಳಾದ್ದನ್ನ ಕೊಟ್ಟಿದ್ದಾನೆ ಆ ಮುದುಕ! ಹೋಗಿ ಮುಖಕ್ಕೇ ಎಸೆದು ಬರ್ತೀನಿ."

ಬು ಹಪ್ಸಾರಿಯೂ, "ಹಾಗಿದ್ರೆ ಆ ಅಂಗಡಿ ಸಹವಾಸ ಇನ್ನು ಸಾಕು," ಅಂದರು.

ಪೋನಿಮಾನ್ ಮುಖ ಸುಣ್ಣವಾಯಿತು. ವಾರ್ಸಿತಿ ಪಟ್ಟಿ ಹಿಡಿದು ಅಂಗಡಿಗೆ ಹೊರಟೇಬಿಟ್ಟಳು, ಅವನು ಕೈಯಲ್ಲಿದ್ದ ಬಕೆಟ್ಟು ಕೆಳಗಿಟ್ಟ. ಆಮೇಲೆ "ಗಾಡಿ ತೆಗಿಯೋ" ಅಂದ. ನಾವು ಮುಟ್ಟುವಷ್ಟರಲ್ಲಿ ಅಂಗಡಿಯಲ್ಲಿ ಜಗಳ ಕಾವೇರಿತ್ತು.

"ಇದು ಬ್ಲೇಡಿನ ಗಾಯ ಕಣಮ್ಮ, ರಬ್ಬರು ತಾನಾಗಿ ಹೀಗೆ ಸೀಳಲ್ಲ."

"ಸುಳ್ಳು ಹೇಳ್ಬೇಡಿ ಕೊ, ಈ ವಯಸ್ಸಲ್ಲಿ!"

"ಅವನು ಸುಳ್ಳು ಹೇಳ್ತಿಲ್ಲ," ಅಂದ ಪೋನಿಮಾನ್ ಬಾಗಿಲಲ್ಲೇ. "ಕೊಯ್ದದ್ದು ನಾನು."

ಅವಳು ಅವನನ್ನೇ ನೋಡಿದಳು. "ಯಾಕೆ ಪಾಕ್?"

"ಹೊಟ್ಟೆಕಿಚ್ಚು. ಇನ್ನೇನು."

ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಅವಳ ದನಿ ಇಳಿದುಹೋಯಿತು. "ನಾನು ಹಗ್ಗದಲ್ಲಿ ನೇತಾಡೋಳು. ಇವತ್ತು ರಬ್ಬರು ಕೊಯ್ದ ಕೈ ನಾಳೆ ಇನ್ನೇನೂ ಕೊಯ್ಯಲ್ಲ ಅಂತ ಹೇಗೆ ನಂಬ್ಲಿ?"

ಅವನ ಯೋಚನೆ ಅಷ್ಟು ದೂರ ಹೋಗಿಯೇ ಇರಲಿಲ್ಲ. ಅಲ್ಲಿದ್ದ ಸಿಮೆಂಟು ಚೀಲದ ಮೇಲೆ ಕೂತ. ಲಿಯೋಂಗ್ ಅವನ ಕಡೆ ತಿರುಗಿಯೂ ನೋಡಲಿಲ್ಲ.

ಅವತ್ತೇ ಪೋನಿಮಾನ್ ಬು ಹಪ್ಸಾರಿ ಎದುರು ಹೋಗಿ ತಪ್ಪೊಪ್ಪಿಕೊಂಡ. ನಾಲ್ಕು ತಿಂಗಳು ಅವನಿಗೆ ಹಗ್ಗ ಕೊಡಲಿಲ್ಲ. ಕಕ್ಕಸುಗಳ ಕನ್ನಡಿ ಒರೆಸಿದ. ಈಗ ಮತ್ತೆ ಮೇಲೆ ಹೋಗುತ್ತಾನೆ, ಪಡುವಣ ಗೋಡೆಗೆ ಮೆತ್ತನೆ ಬ್ರಷ್ಷನ್ನೇ ಹಿಡಿಯುತ್ತಾನೆ. ಲಿಯೋಂಗ್ ಮಾತಾಡಿಸುತ್ತಾನೆ, ಮೊದಲಿನಷ್ಟಲ್ಲ. "ಉರಿ ಪೂರ್ತಿ ಆರಿಲ್ಲ ಕಣೋ," ಅಂತ ಊಟದ ಹೊತ್ತಿನಲ್ಲಿ ಒಮ್ಮೆ ಪೋನಿಮಾನ್ ನನಗೆ ಹೇಳಿದ. "ಆದ್ರೆ ಈಗ ಅದನ್ನ ಕಂಡ್ರೆ ನನಗೇ ಭಯ."

ವಾರ್ಸಿತಿ ಅವನ ಜೊತೆ ಮಾತು ಬಿಟ್ಟಿಲ್ಲ, ತಮಾಷೆಯನ್ನೂ ಬಿಟ್ಟಿಲ್ಲ. ಆದರೆ ಮೇಲೆ ಹೋಗುವ ಮುಂಚೆ ಕೊಂಡಿ, ಹಗ್ಗ, ವೈಪರು, ರಬ್ಬರು ಎಲ್ಲವನ್ನೂ ಅವನ ಎದುರಿಗೇ ಬೆರಳಾಡಿಸಿ ನೋಡುತ್ತಾಳೆ. ಅವಳು ಮುಗಿಸುವವರೆಗೂ ಅವನು ಬೇರೆ ಕಡೆ ಮುಖ ಮಾಡಿ ನಿಲ್ಲುತ್ತಾನೆ.

"ಇವಳು ಯಾವತ್ತಾದ್ರೂ ನೋಡೋದು ನಿಲ್ಲಿಸ್ತಾಳೇನೋ ಮುಜಿ?" ಅಂತ ಮೊನ್ನೆ ಕೇಳಿದ.

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತಲೇ ಹೇಳಿದೆ.