ಸಮೀಕ್ಷೆಗೆ ಹೋಗಿ ಕೇಸರಿಬಾತ್ ತಿಂದದ್ದು

ಬೊಂಬಾಯಿ ಮಹಾರಾಷ್ಟ್ರಕ್ಕೆ ಸೇರಬೇಕೋ ಗುಜರಾತಿಗೋ ಎಂದು ಊರೆಲ್ಲ ಕಾದಾಡುತ್ತಿದ್ದ ಕಾಲ. ಚುನಾವಣೆಗೆ ಮುಂಚೆ ನಮ್ಮ ಪ್ರೊಫೆಸರರು ಮತದಾರರ ಸಮೀಕ್ಷೆ ಹಮ್ಮಿಕೊಂಡರು. ಕನ್ನಡದ ಮನೆಗಳು ನನ್ನ ಪಾಲಿಗೆ ಬಂದವು. ಬಾಗಿಲಲ್ಲೇ ವೋಟಿನ ಮಾತೆತ್ತಿದರೆ ಜನ ಬೆದರುತ್ತಾರೆ, ಮೊದಲು ಊರು, ಜಾತಿ, ಓದು, ಸಂಪಾದನೆ ಕೇಳು, ರಾಜಕೀಯ ಕೊನೆಗೆ, ನಿನ್ನ ಅಭಿಪ್ರಾಯ ಮಾತ್ರ ಬಾಯಿಬಿಟ್ಟು ಹೇಳಬೇಡ ಎಂದು ತಾಕೀತು ಮಾಡಿದ್ದರು. ನಾನೋ, ಇಸ್ತ್ರಿ ಅಂಗಿ ತೊಟ್ಟು, ದೇಶದ ಭವಿಷ್ಯವೇ ನನ್ನ ಚೀಲದಲ್ಲಿದೆ ಎಂಬ ಗತ್ತಿನಲ್ಲಿ ಮಾಟುಂಗದಿಂದ ಲೋಕಲ್ ರೈಲು ಹತ್ತಿ ವಿಕ್ರೋಳಿಗೆ ಹೊರಟೆ.

ಮೊದಲ ಮನೆ ಮೈಸೂರು ಕಡೆಯವರದು. ಯಜಮಾನರು ಕಾರ್ಖಾನೆಯಲ್ಲಿ ಗುಮಾಸ್ತೆ. ಬಾಗಿಲು ತೆರೆದ ಅವರ ಹೆಂಡತಿ, “ಮಾಟುಂಗದೋರಲ್ವಾ? ಬನ್ನಿ, ಬನ್ನಿ” ಎಂದರು. ನನ್ನ ಕೀರ್ತಿ ಲೋಕಲ್‌ಗಿಂತ ಮುಂಚೆ ಬಂದು ಮುಟ್ಟಿದೆ ಎಂದು ಉಬ್ಬಿಹೋದೆ.

ಒಳಪಂಗಡ ಕೇಳಿದೆ. ಆಕೆಯ ಮುಖ ಅರಳಿತು. ಮಕ್ಕಳ ವಯಸ್ಸು, ಓದು ಕೇಳಿದೆ.

“ಒಬ್ಳೇ ಮಗಳು. ಸ್ಕೂಲಲ್ಲಿ ಟೀಚರು. ನಿಮ್ಮದು ಯಾವ ಗೋತ್ರ?”

ಮತದಾರರ ವಿಶ್ವಾಸ ಗಳಿಸಬೇಕಲ್ಲ, ಹೇಳಿದೆ. ನಕ್ಷತ್ರವನ್ನೂ ಹೇಳಿದೆ. ಉಪ್ಪಿಟ್ಟು ಬಂತು, ಕೇಸರಿಬಾತ್ ಬಂತು. ಬೊಂಬಾಯಿಯ ಮತದಾರರು ಎಂಥ ಸಜ್ಜನರಪ್ಪಾ ಎಂದು ಎರಡನ್ನೂ ಬಾರಿಸಿದೆ. ಕಾಫಿ ತಂದವಳು ರೇಷ್ಮೆ ಸೀರೆಯುಟ್ಟ ಮಗಳು. ಆಗಲೂ ನನ್ನ ಮಂಡೆಗೆ ಹೊಳೆಯಲಿಲ್ಲ.

“ನಿಮ್ಮ ಅಭಿಪ್ರಾಯ?” ಎಂದರು ಯಜಮಾನರು.

“ಅಭಿಪ್ರಾಯ ಹೇಳೋ ಹಾಗಿಲ್ಲ. ಫಲಿತಾಂಶ ಆಮೇಲೆ ತಿಳಿಸ್ತೀವಿ.”

ತಾಯಿಯ ಮುಖ ಬಾಡಿತು. ಮಗಳು ನನ್ನ ಕೈಲಿದ್ದ ಹಾಳೆಗೆ ಕಣ್ಣು ಹಾಯಿಸಿ ನಕ್ಕುಬಿಟ್ಟಳು. “ಅಮ್ಮಾ, ಇವರು ನನ್ನ ನೋಡೋಕೆ ಬಂದೋರಲ್ಲ. ನಾವು ಯಾರಿಗೆ ವೋಟು ಹಾಕ್ತೀವಿ ಅಂತ ಕೇಳೋಕೆ ಬಂದಿದ್ದಾರೆ.”

ಅಯ್ಯೋ! ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಪೆದ್ದುಪೆದ್ದಾಗಿ ಕೊನೆಯ ಪ್ರಶ್ನೆಯನ್ನೂ ಕೇಳಿದೆ. “ಮನೇದೆಲ್ಲಾ ಒಂದೇ ವೋಟು” ಎಂದರು ತಂದೆ. “ನಂದು ನಾನೇ ಹಾಕ್ಕೋತೀನಿ, ಅಪ್ಪಾ” ಎಂದಳು ಮಗಳು. ಆ ಮಾತಿಗೆ ನಾನು ಸೋತುಹೋದೆ. ಲೋಕಲ್‌ನಲ್ಲಿ ಇಳಿಯಬೇಕಾದ ಸ್ಟೇಷನ್ನೂ ದಾಟಿಹೋಯಿತು.

ಚುನಾವಣೆ ಮುಗಿದ ಮೇಲೆ ಊರಿಂದ ಅಮ್ಮನನ್ನು ಕರೆಸಿಕೊಂಡು, ಅದೇ ಅಂಗಿ ತೊಟ್ಟು, ಈ ಸಲ ನಿಜವಾಗಿಯೇ ಹೆಣ್ಣು ಕೇಳಲು ಹೋದೆ. ಬರೀ ಕಾಫಿ ಬಂತು. “ಈಗೇನು ಕೆಲಸ?” ಎಂದು ಯಜಮಾನರು ಕೇಳಿದರು. ಸಮೀಕ್ಷೆ ಮುಗಿದಿತ್ತು, ಕೆಲಸವೂ ಮುಗಿದಿತ್ತು. ನಮ್ಮಮ್ಮ ಹುಡುಗಿಯನ್ನೇ ಕೇಳಿದರು: “ನೀನೇನಂತೀಯಮ್ಮಾ?”

ಅವಳು ನನ್ನತ್ತ ನೋಡಿದಳು. “ಅಭಿಪ್ರಾಯ ಹೇಳೋ ಹಾಗಿಲ್ಲ. ಫಲಿತಾಂಶ ಆಮೇಲೆ ತಿಳಿಸ್ತೀವಿ.”

ತಿಳಿಸಿದರು, ಅಂಚೆಯಲ್ಲಿ, ಅರಿಶಿನ ಹಚ್ಚಿದ ಲಗ್ನಪತ್ರಿಕೆಯಾಗಿ. ವರ ಮಾಟುಂಗದವನೇ, ಸಮೀಕ್ಷೆಯ ದಿನ ಅವಳನ್ನು ನೋಡಲು ಬರಬೇಕಾಗಿದ್ದವನು. ಮದುವೆಗೆ ಹೋದೆ. ಕೇಸರಿಬಾತ್ ಬಡಿಸಿದರು. ಈ ಸಲ ಮಾತ್ರ ಅದನ್ನು ಎಲೆಯಲ್ಲೇ ಬಿಟ್ಟು ಎದ್ದೆ.