ತಗಡಿನ ಬೆನ್ನ ಮೇಲಿನ ಹುಡುಗಿ

ಊರಿನ ಅಂಗಡಿಗಳಿಗೆಲ್ಲ ಹೆಸರು ಬರೆದದ್ದು ಬೋರ್ಡಜ್ಜನ ಕುಂಚ. ಮನೆಯಲ್ಲಿ ಮಾತ್ರ ಅಜ್ಜಿಯದು ಹಳೇ ರಾಗ: "ಊರಿಗೆಲ್ಲ ಬಣ್ಣ ಬಳಿದ್ರಿ, ಹೆಂಡ್ತಿದೊಂದು ಚಿತ್ರ ಬರೆಯೋಕೆ ಕೈ ಏಳಲಿಲ್ಲ."

"ನನಗೆ ಅಕ್ಷರ ಬರುತ್ತೆ, ಮುಖ ಬರಲ್ಲ ಕಣೇ."

ಹಿರಿಯರು ನೋಡಿ ಮಾಡಿದ ಮದುವೆ. ಈ ಮನುಷ್ಯ ತನ್ನನ್ನು ಇಷ್ಟಪಟ್ಟು ಕಟ್ಟಿಕೊಂಡನೋ, ಸುಮ್ಮನೆ ತಲೆಯಾಡಿಸಿದನೋ? ಆ ಸಣ್ಣ ಮುಳ್ಳು ಅಜ್ಜಿಯ ಮನಸ್ಸಿನಿಂದ ಹೊರಬಂದಿರಲೇ ಇಲ್ಲ.

ಮೊನ್ನೆ ದರ್ಜಿ ತನ್ನ ಅಂಗಡಿಯ ಹಳೇ ತಗಡಿನ ಬೋರ್ಡು ಇಳಿಸಿ, ಹೊತ್ತುಕೊಂಡೇ ಬಂದ. ಅದು ಅವನ ಅಪ್ಪನ ಕಾಲದ್ದು. ಮದುವೆಗೆ ಮುಂಚೆ ಅಜ್ಜಿ ಗುಂಡಿ ಹೊಲಿಯುತ್ತಿದ್ದದ್ದೂ ಅದೇ ಅಂಗಡಿಯಲ್ಲಿ.

"ಅಜ್ಜೀ, ಇದರ ಹಿಂದೆ ಯಾರೋ ಕೂತಿದ್ದಾರೆ, ನೋಡಿ!"

ತುಕ್ಕು ಹಿಡಿಯದಂತೆ ಬೋರ್ಡಿನ ಬೆನ್ನಿಗೆ ಕೆಂಪು ಪ್ರೈಮರ್ ಬಳಿಯುವುದು ಕಸುಬಿನ ಮೊದಲ ಪಾಠ. ಇಲ್ಲಿ ಪ್ರೈಮರ್ ಇರಲಿಲ್ಲ. ಎರಡು ಜಡೆಯ ಹುಡುಗಿಯೊಬ್ಬಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ನಾಲಿಗೆಯ ತುದಿ ಹಲ್ಲುಗಳ ನಡುವೆ ಇಣುಕಿತ್ತು. ಅಜ್ಜಿ ಇವತ್ತಿಗೂ ದಾರ ಪೋಣಿಸುವುದು ಹಾಗೆಯೇ. ಹುಡುಗಿಯ ಪಾದಗಳನ್ನು ತುಕ್ಕು ತಿಂದುಹಾಕಿತ್ತು.

ಒಳಗಿಂದ ಬಂದ ಅಜ್ಜ ನೋಡಿದವನೇ ಪ್ರೈಮರ್ ಡಬ್ಬಿಗೆ ಕೈ ಹಾಕಿದ. "ಆಗ ಬಿಟ್ಟುಹೋಗಿತ್ತು. ಈಗ ಹೊಡೆದ್ಬಿಡ್ತೀನಿ."

"ಮುಟ್ಟಿದ್ರೆ ನೋಡಿ ಮತ್ತೆ! ಯಾವಾಗ ಬರೆದದ್ದು ಇದು?"

"ನಮ್ಮ ಮದುವೆ ಮಾತು ಬರೋ ಮುಂಚೆ. ಮಿಕ್ಕಿದ ಬಣ್ಣದಲ್ಲಿ."

"ನನಗೊಂದು ಮಾತು ಹೇಳ್ಬಾರದಿತ್ತಾ?"

"ಬೋರ್ಡು ಗೋಡೆಗೆ ಹೊಡೆದಾಗಿತ್ತಲ್ಲೇ!"

ದರ್ಜಿ ಕೆಮ್ಮಿದಂತೆ ಮಾಡಿ ನಗು ನುಂಗಿದ. ಅಜ್ಜಿಗೆ ನಗು ಬರಲಿಲ್ಲ, ಅಳುವೂ ಬರಲಿಲ್ಲ. ಸೆರಗಿನಿಂದ ಹುಡುಗಿಯ ಮುಖದ ದೂಳು ಒರೆಸಿದಳು. ಆಮೇಲೆ ಕಣ್ಣು ಕಿರಿದು ಮಾಡಿದಳು.

"ಹೀಗೆ ಇನ್ನೂ ಇವೆಯಾ?"

ಅಜ್ಜ ಕಿವಿ ಕೆರೆದುಕೊಂಡ. "ಸೈಕಲ್ ಅಂಗಡಿದೊಂದು... ಹಿಟ್ಟಿನ ಗಿರಣಿದೊಂದು..."

"ಅಲ್ಲೆಲ್ಲ ಯಾರನ್ನ ಕೂರಿಸಿದ್ದೀರಿ?"

"ನೀನೇ ನೋಡ್ಕೋ."

ಅಷ್ಟು ಸಾಕಾಯಿತು. ಅಜ್ಜಿ ಟಾರ್ಚ್ ಹಿಡಿದು ಮುಂದೆ, ಅಜ್ಜ ಸ್ಟೂಲು ಹಿಡಿದು ಹಿಂದೆ. ಸೈಕಲ್ ಅಂಗಡಿಯವನು ಬೋರ್ಡಿನ ಕೆಳಗಿನ ಸ್ಕ್ರೂ ಬಿಚ್ಚಿ, ಅಂಚನ್ನು ಗೋಡೆಯಿಂದ ಸ್ವಲ್ಪ ಎತ್ತಿ ಹಿಡಿದ.

"ಹುಷಾರು ಅಜ್ಜೀ, ಹಲ್ಲಿ ಇರುತ್ತೆ."

"ಹಲ್ಲಿ ಇದ್ರೆ ಇರ್ಲಿ ಬಿಡಪ್ಪ. ಬೇರೆ ಹುಡುಗಿ ಇರಬಾರದು, ಅಷ್ಟೇ."

ಅಜ್ಜಿ ಸ್ಟೂಲು ಹತ್ತಿ ಟಾರ್ಚ್ ಬೆಳಕು ಬಿಟ್ಟಳು. ಅದೇ ಎರಡು ಜಡೆ. ಈ ಸಲ ಹುಡುಗಿ ಬೆನ್ನು ಮಾಡಿ ನಡೆದುಹೋಗುತ್ತಿದ್ದಳು. ಒಂದು ಕಾಲು ಬರಿಗಾಲು. ಬಾರು ಕಿತ್ತ ಚಪ್ಪಲಿ ಕೈಯಲ್ಲಿ.

ಅಜ್ಜಿಗೆ ಆ ದಿನ ನೆನಪಿತ್ತು. ಸದ್ಯ, ಯಾರೂ ನೋಡಲಿಲ್ಲ ಎಂದುಕೊಂಡು ಬೀದಿಯುದ್ದಕ್ಕೂ ಕುಂಟುತ್ತ ಮನೆ ಸೇರಿದ್ದಳು.

"ಯಾರೇ ಅದು?" ಕೆಳಗೆ ಸ್ಟೂಲು ಬಿಗಿಯಾಗಿ ಹಿಡಿದಿದ್ದ ಅಜ್ಜ, ಗೊತ್ತಿಲ್ಲದವನಂತೆ ಕೇಳಿದ.

"ಯಾರೋ ಚಪ್ಪಲಿ ಕಿತ್ತವಳು." ಅಜ್ಜಿ ಅವನ ಹೆಗಲು ಹಿಡಿದು ಇಳಿದಳು. ಇಳಿದ ಮೇಲೂ ಕೈ ತೆಗೆಯಲಿಲ್ಲ. "ನಡೀರಿ, ಸ್ಟೂಲು ಎತ್ಕೊಳ್ಳಿ. ಗಿರಣಿ ಬಾಗಿಲು ಹಾಕೋದ್ರೊಳಗೆ ಅಲ್ಲಿಗೂ ಹೋಗಿಬರೋಣ."