ಮುತ್ತಯ್ಯನಿಗೆ ಬಿದ್ದ ಫ್ರೇಮು

ಕೊಳ್ಳೇಗಾಲದ ರೇಷ್ಮೆ ನೇಕಾರ ಮುತ್ತಯ್ಯನವರು ಆಯುಸ್ಸಿನ ಬಹುಪಾಲನ್ನು ಸೊಂಟದವರೆಗೆ ನೆಲದೊಳಗೆ ಕಳೆದವರು. ಅವರದು ಗುಂಡಿಮಗ್ಗ. “ಮಿಕ್ಕೋರ್ನ ಸತ್ಮೇಲೆ ಊತಾಕ್ತಾರೆ, ನನ್ನ ದಿನಾ ಅರ್ಧ ಊತಾಕ್ತಾರೆ” ಎಂಬುದು ಅವರ ಹಳೆಯ ಹಾಸ್ಯ.

ಕಳೆದ ವರ್ಷ ಒಂದು ಸಂಜೆ ಆ ಗುಂಡಿಯಿಂದ ಮೇಲೇಳಲಾಗಲಿಲ್ಲ. ಹೆಂಡತಿ ಮಹಾಲಕ್ಷ್ಮಮ್ಮ ಕಂಕುಳಿಗೆ ಕೈಹಾಕಿ ಎಳೆದರು. ಎಕ್ಸ್‌ರೇಯಲ್ಲಿ ಸೊಂಟದ ಒಂದು ಮೂಳೆ ಮಾತ್ರ ಅಕ್ಕಪಕ್ಕದವುಗಳಿಗಿಂತ ಬೆಳ್ಳಗೆ ಕಂಡಿತು. ಕ್ಯಾನ್ಸರ್ ಬೇರೆಡೆಯಿಂದ ಬಂದು ಕೂತಿದ್ದರೂ ಹೀಗೆಯೇ ಕಾಣುತ್ತದೆ, ಮೈಸೂರಿನಲ್ಲಿ ಸ್ಕ್ಯಾನ್ ಮಾಡಿಸಿ ಎಂದರು ಡಾಕ್ಟರು. ಅಂದಿನಿಂದ ಮನೆಯಲ್ಲಿ ಆ ಪದವನ್ನು ಯಾರೂ ಆಡಲಿಲ್ಲ. ಹೊನ್ನೂರಿಗೆ ಕೊಟ್ಟಿದ್ದ ತಂಗಿ ರಂಗಮ್ಮ ಬಿಳಿಗಿರಿರಂಗನಿಗೆ ಮುಡಿಪು ಕಟ್ಟಿದರು.

ಮೈಸೂರಿನಲ್ಲಿ ಸ್ಕ್ಯಾನ್ ನೋಡಿದ ಡಾಕ್ಟರ್ ಮಾಲಿನಿ ಪರದೆಯನ್ನು ಇವರತ್ತ ತಿರುಗಿಸಿದರು.

“ಈ ಮೂಳೆ ನೋಡಿ. ಸುತ್ತ ಅಂಚು ದಪ್ಪ, ಒಳಗೆ ಒರಟು ಎಳೆ. ಇದಕ್ಕೆ ಪಿಕ್ಚರ್ ಫ್ರೇಮ್ ಅಂತೀವಿ. ಕ್ಯಾನ್ಸರ್ ಅಲ್ಲ, ಪ್ಯಾಜೆಟ್ ಅನ್ನೋ ಕಾಯಿಲೆ. ಹಳೇ ಮೂಳೆ ಕರಗಿಸಿ ಹೊಸದು ಕಟ್ಟೋ ಕೆಲಸ ಎಲ್ಲರ ಮೈಯಲ್ಲೂ ನಡೀತಿರುತ್ತೆ. ನಿಮ್ಮಲ್ಲಿ ಅದು ಅವಸರಕ್ಕೆ ಬಿದ್ದು ಅಡ್ಡಾದಿಡ್ಡಿ ಕಟ್ಟಿದೆ.”

“ಅಂದ್ರೆ ಅಂಚು ಜೋರು, ಒಡಲು ಹಾಳು” ಎಂದರು ಮುತ್ತಯ್ಯ. “ಸೀರೆ ಇಂಗಿದ್ರೆ ಸಾವ್ಕಾರ ಮೊಕಕ್ಕೆ ಎಸೀತಿದ್ದ. ಮಗ್ಗಕ್ಕೆ ಇಳೀಬೋದಾ ಮೇಡಂ?”

“ಡ್ರಿಪ್ ಹಾಕ್ತೀವಿ. ನೋವು ತಗ್ಗಿದ ಮೇಲೆ ಇಳೀರಿ. ಆಗಾಗ ಎದ್ದು ಓಡಾಡಿ.”

ಹೊರಗೆ ಬಂದ ಮಹಾಲಕ್ಷ್ಮಮ್ಮ ಸಮಾಧಾನದಿಂದ ಅಳುತ್ತಲೇ ನಾದಿನಿಗೆ ಫೋನು ಹಚ್ಚಿದರು. “ಎಲ್ಲಾ ಮುಗೀತು ಕಣಮ್ಮಿ ರಂಗಿ. ನಿಮ್ಮಣ್ಣುನ್ಗೆ ಫ್ರೇಮಂತೆ…” ಅಷ್ಟಕ್ಕೆ ಚಾರ್ಜು ಮುಗಿಯಿತು.

ಹೊನ್ನೂರಿನಲ್ಲಿ ಮನುಷ್ಯನಿಗೆ ಫ್ರೇಮು ಎಂದರೆ ಒಂದೇ ಅರ್ಥ. ದಂಪತಿಗಳು ಡ್ರಿಪ್ ಮುಗಿಸಿ ಕೊಳ್ಳೇಗಾಲದ ಬಸ್ಸಿಳಿದು ಮನೆಗೆ ಬಂದಾಗ ರಂಗಮ್ಮ ಬೀದಿಗೆ ಬೆನ್ನು ಮಾಡಿ, ಜಗಲಿಯ ಮೇಲೆ ಗಂಧದ ಹಾರ ಹಿಡಿದು ಕುಳಿತಿದ್ದರು.

“ಊರ್ಗೆಲ್ಲಾ ಸೀರೆ ನೇಯ್ದ್ಯಲ್ಲೋ ಅಣ್ಣಯ್ಯಾ, ಒಡುಟ್ಟಿದವ್ಳಿಗೆ ಒಂದ್ ಕೊಡ್ನಿಲ್ವಲ್ಲೋ…”

“ಗೌರಿ ಅಬ್ಬಕ್ಕೆ ಕೊಟ್ಟಿದ್ದು ಏನಮ್ಮಿ ಅದು, ಗೋಣಿಚೀಲ್ವಾ?”

“ಅದು ಡ್ಯಾಮೇಜ್ ಪೀಸು” ಎಂದರು ರಂಗಮ್ಮ ಕಣ್ಣೊರೆಸಿಕೊಳ್ಳುತ್ತ. ಅನಂತರವೇ ತಿರುಗಿ ನೋಡಿದರು.

ಸತ್ತವರಿಗೆಂದು ತಂದ ಹಾರವನ್ನು ಅಂಗಡಿಯವನು ಹಿಂದಕ್ಕೆ ಕೊಳ್ಳಲಿಲ್ಲ. ಮುತ್ತಯ್ಯ ಸ್ಕ್ಯಾನಿನ ಫಿಲ್ಮಿಗೇ ಕಟ್ಟು ಹಾಕಿಸಿ, ಅಪ್ಪನ ಫೋಟೋದ ಪಕ್ಕ ತೂಗುಹಾಕಿದರು.

“ಬದುಕಿರೋರ್ ಫೋಟೋಗೆ ಆರ ಆಕ್ಬಾರ್ದು” ಎಂದು ಮಹಾಲಕ್ಷ್ಮಮ್ಮ ತಡೆದರು.

“ನನ್ ಫೋಟೋ ಅಲ್ಲ ಕಣೇ, ಮೂಳೇದು. ಅಪ್ಪನ್ ಫ್ರೇಮ್ಗಿಂತ ಇದ್ರದ್ದೇ ಗಟ್ಟಿ.”

ಫಿಲ್ಮಿನ ಕಟ್ಟಿಗೆ ಹಾರ ಬಿತ್ತು. ನೋವು ತಗ್ಗಿದ ಮೇಲೆ ಮುತ್ತಯ್ಯ ಮತ್ತೆ ಗುಂಡಿಗಿಳಿದಿದ್ದಾರೆ. ಸೀರೆ ನೋಡಲು ಬಂದವರಲ್ಲಿ ಕೆಲವರು ಆ ಕಪ್ಪು ಪಟಕ್ಕೆ, ಯಾವ ದೇವರೋ ಎಂದು, ಕೈಯನ್ನೂ ಮುಗಿದಿದ್ದಾರೆ. ಅವರನ್ನು ತಿದ್ದಲೆಂದು ಮುತ್ತಯ್ಯ ಲಾಳಿ ನಿಲ್ಲಿಸಿಲ್ಲ.